ಹೊಸ ಕಾರು ಕೊಟ್ಟು ಹಳೆಯ ಸ್ಪೋರ್ಟ್ಸ್ ಕೂಪೆ ತರಬಹುದೇ?

ಪ್ರಶ್ನೆ: ನನಗೆ 37 ವರ್ಷ. ನಾಲ್ಕು ವರ್ಷಗಳ ಹಿಂದೆ ಹೊಸದಾಗಿ ಕೊಂಡ, ಆಟೊಮ್ಯಾಟಿಕ್ ಗೇರಿನ ಕುಟುಂಬದ ಕಾರು ನನ್ನಲ್ಲಿದೆ. ಸಾಲ ತೀರಿದೆ, ಕಾರು ಒಂದು ದಿನವೂ ಕೈಕೊಟ್ಟಿಲ್ಲ. ಆದರೆ ಅದನ್ನು ಓಡಿಸುವಾಗ ನನಗೆ ಏನೂ ಅನ್ನಿಸುವುದಿಲ್ಲ. ಪರಿಚಯದವರೊಬ್ಬರು ತಮ್ಮ 2004ರ ಬಿಎಂಡಬ್ಲ್ಯು 330ಸಿಐ ಎಂಬ ಎರಡು ಬಾಗಿಲಿನ ಸ್ಪೋರ್ಟ್ಸ್ ಕೂಪೆಯನ್ನು ನನ್ನ ಕಾರಿಗೆ ಬದಲಾಗಿ ಕೊಡುತ್ತೇನೆ, ಮೇಲೆ ಸ್ವಲ್ಪ ಹಣವನ್ನೂ ಕೊಡುತ್ತೇನೆ ಎನ್ನುತ್ತಿದ್ದಾರೆ. ಆರು ಗೇರಿನ ಮ್ಯಾನ್ಯುಯಲ್, 1,38,000 ಕಿ.ಮೀ. ಓಡಿದೆ. ಒಮ್ಮೆ ಓಡಿಸಿದೆ, ಅಂದಿನಿಂದ ಅದರದೇ ಧ್ಯಾನ. ಕಚೇರಿಗೆ ಹೋಗಿ ಬರಲು ದಿನಕ್ಕೆ 40 ಕಿ.ಮೀ. ಆಗುತ್ತದೆ. ಮನೆಯಲ್ಲಿ ಇರುವುದು ಒಂದೇ ಕಾರು. ಆರು ವರ್ಷದ ಮಗಳಿದ್ದಾಳೆ. ‘ಗಟ್ಟಿಯಾಗಿರುವುದನ್ನು ಕೊಟ್ಟು ಹಳೆಯದನ್ನು ತರುವವರು ಎಲ್ಲಾದರೂ ಇದ್ದಾರೆಯೇ’ ಎಂದು ಪತ್ನಿ ಕೇಳುತ್ತಾಳೆ. ನಾನು ಮಾಡಲು ಹೊರಟಿರುವುದು ಮೂರ್ಖತನವೇ?

ಉತ್ತರ: ಮೂರ್ಖತನವಲ್ಲ. ಓಡಿಸುವ ಸಂತೋಷಕ್ಕಾಗಿಯೇ ಕಾರು ಕೊಳ್ಳುವವರು ಮೊದಲಿನಿಂದಲೂ ಇದ್ದಾರೆ, ಅವರಿಗಾಗಿಯೇ ಕಾರು ಮಾಡಿದವರೂ ಇದ್ದಾರೆ. ನಿಮ್ಮ ಕಣ್ಣಿಗೆ ಬಿದ್ದಿರುವುದು ಅಂಥವರು ಮನಸ್ಸಿಟ್ಟು ಮಾಡಿದ ಕಾರು. ಆದರೆ ಮನೆಗಿರುವ ಒಂದೇ ಕಾರನ್ನು ಕೊಟ್ಟು, ಇದನ್ನೇ ಮನೆಯ ಒಂದೇ ಕಾರನ್ನಾಗಿ ಮಾಡಿಕೊಳ್ಳುವ ಈ ವ್ಯವಹಾರಕ್ಕೆ ಈಗಿರುವ ರೂಪದಲ್ಲಿ ಒಪ್ಪಬೇಡಿ ಎಂಬುದು ನನ್ನ ಸಲಹೆ. ಹಳೆಯ ಕಾರು ಕೊಳ್ಳುವವರ ಪರವಾಗಿ ಕಾರು ಪರೀಕ್ಷಿಸಿ ಕೊಡುವುದು ಇಪ್ಪತ್ತು ವರ್ಷಗಳಿಂದ ನನ್ನ ಕೆಲಸ. ಇಂಥ ಅದಲುಬದಲಿನಲ್ಲಿ ಕೈ ಸುಟ್ಟುಕೊಂಡವರಲ್ಲಿ ಹೆಚ್ಚಿನವರು ಒಂದೇ ತಪ್ಪು ಮಾಡಿರುತ್ತಾರೆ. ವೇಗದ ಕಾರು ತರುತ್ತಿದ್ದೇವೆ ಎಂದುಕೊಂಡಿರುತ್ತಾರೆ, ಮನೆಗೆ ಬಂದಿರುವುದು ವಯಸ್ಸಾದ ಕಾರು ಎಂಬುದನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಮೊದಲು ನೀವು ಅನುಭವಿಸಿದ್ದು ಏನು ಎಂದು ನೋಡೋಣ. 330ಸಿಐ ಬಿಎಂಡಬ್ಲ್ಯುವಿನ 3 ಸರಣಿಗೆ ಸೇರಿದ್ದು, ಆ ಸರಣಿಯ ಈ ಪೀಳಿಗೆಗೆ ಇ46 ಎಂದು ಹೆಸರು. 330ಸಿಐ ಕಾರಿನ ಒಳಗಿರುವುದು ಮೂರು ಲೀಟರಿನ, ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ಜೋಡಿಸಿದ ಎಂ54 ಎಂಜಿನ್. 231 ಅಶ್ವಶಕ್ತಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. ಸಾಲಾಗಿರುವ ಆರು ಸಿಲಿಂಡರುಗಳ ಅದುರುವಿಕೆ ಒಂದನ್ನೊಂದು ಹೊಡೆದುಹಾಕುತ್ತದೆ. ಅದಕ್ಕೇ ಆ ಎಂಜಿನ್ ಅಷ್ಟು ನುಣುಪು. ಟರ್ಬೊ ಇಲ್ಲದ್ದರಿಂದ ಕಾಲು ಅದುಮಿದಷ್ಟೇ, ಅದುಮಿದ ಕ್ಷಣವೇ ಉತ್ತರ ಬರುತ್ತದೆ. ಸ್ಟೀರಿಂಗಿಗೆ ನೆರವಾಗುವುದು ಮೋಟರಲ್ಲ, ಎಣ್ಣೆಯ ಒತ್ತಡ. ರಸ್ತೆಯ ತರಿ, ಟಯರಿನ ಹಿಡಿತ ಸಡಿಲವಾಗುವ ಸುಳಿವು ಎಲ್ಲವೂ ಅಂಗೈಗೆ ತಲುಪುತ್ತದೆ. ಎಳೆಯುವ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುವುದರಿಂದ ಮುಂದಿನ ಚಕ್ರಗಳಿಗೆ ತಿರುಗುವ ಕೆಲಸವೊಂದೇ. ನಿಮ್ಮ ಈಗಿನ ಕಾರಿನಲ್ಲಿ ಇವುಗಳಲ್ಲಿ ಒಂದೂ ಇಲ್ಲದಿರಬಹುದು. ನಿಮಗೆ ಏನೂ ಅನ್ನಿಸದಿರುವುದಕ್ಕೆ ಸರಿಯಾದ ಕಾರಣವೇ ಇದೆ.

ಇಲ್ಲಿ ವೇಗದ ಪಾತ್ರ ದೊಡ್ಡದಲ್ಲ. ಇಂದಿನ ಹಲವು ಸಾಧಾರಣ ವಿದ್ಯುತ್ ಕಾರುಗಳು ನಿಂತಲ್ಲಿಂದ ಹೊರಡುವುದರಲ್ಲಿ ಈ ಕೂಪೆಯನ್ನು ಹಿಂದೆ ಹಾಕುತ್ತವೆ. 1989ರಲ್ಲಿ ಮೊದಲು ಪ್ರದರ್ಶನಕ್ಕೆ ಬಂದ ಮಾಜ್ದಾ ಎಂಎಕ್ಸ್-5 ಕಾರಿಗೆ ಇದ್ದುದು 1.6 ಲೀಟರಿನ ಎಂಜಿನ್, ಸುಮಾರು 115 ಅಶ್ವಶಕ್ತಿ, ಅಷ್ಟೇ. ಅದರ ತೂಕ ಒಂದು ಟನ್ನಿನ ಆಸುಪಾಸು. ಆದರೂ ಓಡಿಸುವ ಸುಖದ ಮಾತು ಬಂದಾಗಲೆಲ್ಲ ಅದರ ಹೆಸರು ಬಂದೇ ಬರುತ್ತದೆ, ಆ ಕಾರಿನ ಪೀಳಿಗೆಗಳೆಲ್ಲ ಸೇರಿ ತಯಾರಿಕೆಯಲ್ಲಿ 10 ಲಕ್ಷದ ಗಡಿಯನ್ನು 2016ರಲ್ಲೇ ದಾಟಿದವು. ನೀವು ಬಯಸುತ್ತಿರುವುದು ಕಾರಿನ ಜೊತೆಗಿನ ಮಾತುಕತೆ. ಅದು ಇನ್ನೂ ಕೆಲವು ಕಡೆ ಸಿಗುತ್ತದೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ವಯಸ್ಸು. ಕಾರಿನಲ್ಲಿ ಎರಡು ಬಗೆಯ ಸವೆತ ಇರುತ್ತದೆ. ಒಂದು ಓಡಿದ್ದರಿಂದ ಬರುವುದು: ಕ್ಲಚ್, ಬ್ರೇಕ್, ಬೇರಿಂಗ್. ಇನ್ನೊಂದು ಕಾಲ ಕಳೆದುದರಿಂದ ಬರುವುದು: ರಬ್ಬರ್, ಪ್ಲಾಸ್ಟಿಕ್, ವೈರುಗಳ ಹೊದಿಕೆ, ಕೂಡುಜಾಗಗಳಲ್ಲಿ ಸೋರದಂತೆ ಹಾಕುವ ಗ್ಯಾಸ್ಕೆಟ್. ‘ಬರೀ 1,38,000 ಕಿಲೋಮೀಟರ್’ ಎಂಬ ಮಾತು ಮೊದಲನೆಯದಕ್ಕೆ ಮಾತ್ರ ಸಲ್ಲುತ್ತದೆ. ಷೆಡ್ಡಿನಲ್ಲಿ ನಿಂತೇ ಇದ್ದರೂ ರಬ್ಬರಿಗೆ ಇಪ್ಪತ್ತು ವರ್ಷ ಆಗುತ್ತದೆ.

ನನ್ನದೇ ಅನುಭವ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಮೂರು ವರ್ಷದ ಕಾರೊಂದನ್ನು ಮಾರಿ, ಹದಿನಾಲ್ಕು ವರ್ಷದ ಕೂಪೆಯೊಂದನ್ನು ತಂದೆ. ಎಂಜಿನ್ ಚೆನ್ನಾಗಿತ್ತು, ಕಾಗದಪತ್ರ ಚೆನ್ನಾಗಿತ್ತು, ಬಣ್ಣ ಹೊಳೆಯುತ್ತಿತ್ತು. ಐದನೆಯ ತಿಂಗಳು, ಒಂದು ಸಂಜೆ, ಜೋರು ಮಳೆ. ಕಾರಿನೊಳಗೆ ಸಿಹಿಯಾದ ಒಂದು ವಾಸನೆ ಬಂತು. ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಸೋರಿದಾಗ ಬರುವ ವಾಸನೆ ಅದು; ಒಮ್ಮೆ ಮೂಗಿಗೆ ಬಿದ್ದರೆ ಮರೆಯುವುದಿಲ್ಲ. ಬಾನೆಟ್ಟಿನ ಅಂಚಿನಿಂದ ಆವಿ ಏಳುತ್ತಿತ್ತು, ಮಳೆಯಲ್ಲಿ ಅದು ಕಂಡದ್ದೇ ತಡವಾಗಿ. ಎಂಜಿನ್ ಆರಿಸಿ, ಬದಿಗೆ ನಿಲ್ಲಿಸಿ, ತಣ್ಣಗಾದ ಮೇಲೆ ಟಾರ್ಚ್ ಹಿಡಿದು ನೋಡಿದೆ. ರೇಡಿಯೇಟರಿಗೆ ಮೇಲಿನ ಹೋಸ್ ಕೂಡುವ ಜಾಗದಲ್ಲಿ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಅದು ಬುಡದಲ್ಲೇ ಮುರಿದು ಹೋಸಿನೊಳಗೆ ಉಳಿದುಬಿಟ್ಟಿತ್ತು. ಉಳಿದ ಅಂಚನ್ನು ಬೆರಳಿನಿಂದ ಅದುಮಿದರೆ ಒಣಗಿದ ಸುಣ್ಣದ ಹಾಗೆ ಪುಡಿಯಾಯಿತು. ಇಷ್ಟು ವರ್ಷ ಬಿಸಿಯಲ್ಲಿ ಬೆಂದು ಅದರ ಜೀವ ಹೋಗಿತ್ತು. ನಾನು ಬೇಗ ನಿಲ್ಲಿಸಿದ್ದರಿಂದ ಎಂಜಿನ್ ಉಳಿಯಿತು. ಇನ್ನೆರಡು ಕಿಲೋಮೀಟರ್ ಎಳೆದಿದ್ದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಿಸಿಗೆ ಸೊಟ್ಟಗಾಗಿ, ಎಂಜಿನ್ನನ್ನೇ ಬಿಚ್ಚಬೇಕಾಗುತ್ತಿತ್ತು. ಮುರಿದ ಆ ತುಂಡು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ. ಕಾರು ತೋರಿಸಲು ಬಂದವರಿಗೆ ಅದನ್ನು ಕೈಗೆ ಕೊಟ್ಟು ನೋಡಿ ಎನ್ನುತ್ತೇನೆ.

ನಿಮ್ಮ ಇ46 ವಿಷಯದಲ್ಲೂ ಮೊದಲ ಕಾಳಜಿ ಇದೇ. ಅದರ ರೇಡಿಯೇಟರಿನ ಬದಿಗಳು, ಹೆಚ್ಚುವರಿ ಕೂಲಂಟ್ ಇರುವ ತೊಟ್ಟಿ, ಕೂಲಂಟಿನ ಹರಿವನ್ನು ಬಿಸಿಗೆ ತಕ್ಕಂತೆ ನಿಯಂತ್ರಿಸುವ ಥರ್ಮೋಸ್ಟಾಟ್ ಕೂರುವ ಗೂಡು ಎಲ್ಲ ಪ್ಲಾಸ್ಟಿಕ್. ಈ ಕಾರುಗಳನ್ನು ಬಲ್ಲವರು ನೀರಿನ ಪಂಪ್, ಥರ್ಮೋಸ್ಟಾಟ್, ತೊಟ್ಟಿ, ರೇಡಿಯೇಟರ್, ಹೋಸ್ ಇಷ್ಟನ್ನೂ ಹಾಳಾಗುವ ತನಕ ಕಾಯದೆ, ಸುಮಾರು ಒಂದು ಲಕ್ಷ ಕಿ.ಮೀ.ಗೊಮ್ಮೆ ಒಟ್ಟಿಗೇ ಬದಲಿಸಿಬಿಡುತ್ತಾರೆ. ಮಾರುವವರನ್ನು ನೇರವಾಗಿ ಕೇಳಿ: ಕೂಲಿಂಗಿನ ಭಾಗಗಳನ್ನೆಲ್ಲ ಬದಲಿಸಿದ್ದು ಯಾವಾಗ, ರಸೀದಿ ಎಲ್ಲಿ? ‘ಏನೂ ತೊಂದರೆ ಬಂದಿಲ್ಲ’ ಎಂಬ ಉತ್ತರ ಬಂದರೆ, ತೊಂದರೆ ನಿಮಗಾಗಿ ಕಾದಿದೆ ಎಂದೇ ಲೆಕ್ಕ ಹಾಕಿಕೊಳ್ಳಿ. ಇನ್ನೊಂದು ಮಾತು. ಈ ಕಾರಿನ ಉಷ್ಣತೆಯ ಮುಳ್ಳನ್ನು ನಂಬಬೇಡಿ. ಬಿಸಿ ಒಂದಿಷ್ಟು ಏರಿಳಿದರೂ ಚಾಲಕ ಗಾಬರಿಯಾಗಬಾರದೆಂದು ಅದು ಬಹಳ ಹೊತ್ತು ಮಧ್ಯದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಮುಳ್ಳು ಅಲ್ಲಾಡುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಎರಡನೆಯದು ಕಾರಿನ ಹಿಂಭಾಗದ ನೆಲ. ಹಿಂದಿನ ಆಕ್ಸಲ್ ಹೊತ್ತಿರುವ ಚೌಕಟ್ಟನ್ನು ಕಾರಿನ ತಗಡಿಗೆ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಇ46 ಕಾರುಗಳಲ್ಲಿ ಆ ಬೋಲ್ಟುಗಳ ಸುತ್ತಲಿನ ತಗಡು ವರ್ಷಗಳ ಎಳೆತಕ್ಕೆ ಬಿರುಕು ಬಿಡುವುದು ಎಲ್ಲರಿಗೂ ತಿಳಿದಿರುವ ದೋಷ. ಮ್ಯಾನ್ಯುಯಲ್ ಗೇರಿನ, ಜೋರಾಗಿ ಓಡಿಸಿದ ಕಾರುಗಳಲ್ಲಿ ಇನ್ನೂ ಹೆಚ್ಚು. ಕ್ಲಚ್ ಬಿಟ್ಟಾಗ ಹಿಂದಿನಿಂದ ‘ಟಕ್’ ಎಂಬ ಸದ್ದು ಬಂದರೆ ಅನುಮಾನಿಸಬೇಕು. ಆದರೆ ಸದ್ದಿಲ್ಲದೆಯೂ ಬಿರುಕು ಇರಬಹುದು, ಆದ್ದರಿಂದ ಲಿಫ್ಟ್ ಮೇಲೆ ಏರಿಸಿ, ಕೆಸರು ಒರೆಸಿ, ಬೆಳಕು ಬಿಟ್ಟು ನೋಡಲೇಬೇಕು. ಪೂರ್ತಿ ದುರಸ್ತಿ ಎಂದರೆ ಸೈಲೆನ್ಸರ್, ಆಕ್ಸಲ್, ಪೆಟ್ರೋಲ್ ಟ್ಯಾಂಕ್ ಇಳಿಸಿ, ತಗಡಿಗೆ ಬಲಪಡಿಸುವ ಪಟ್ಟಿ ಬೆಸೆಯುವ ದೊಡ್ಡ ಕೆಲಸ. ಹಿಂದಿನ ಮಾಲೀಕರು ಅದನ್ನು ಚೆನ್ನಾಗಿ ಮಾಡಿಸಿದ್ದು ಫೋಟೊ ಸಮೇತ ಸಿಕ್ಕರೆ, ನನ್ನ ದೃಷ್ಟಿಯಲ್ಲಿ ಆ ಕಾರು ಮುಟ್ಟದ ಕಾರಿಗಿಂತ ಮೇಲು.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಎಂಜಿನ್ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಷಾಫ್ಟಿನ ಸಮಯವನ್ನು ಹೊಂದಿಸುವ ವ್ಯಾನೋಸ್ ಘಟಕದ ರಬ್ಬರ್ ಸೀಲುಗಳು ಗಟ್ಟಿಯಾದರೆ, ಎಂಜಿನ್ ನಿಧಾನವಾಗಿ ತಿರುಗುವಾಗ ಎಳೆತ ತಗ್ಗುತ್ತದೆ. ಎಂಜಿನ್ನಿನ ಒಳಗಾಳಿಯನ್ನು ಹೊರಹಾಕುವ ವಾಲ್ವ್ ಕಟ್ಟಿಕೊಂಡರೆ ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ, ಆದ್ದರಿಂದ ಸಾವಿರ ಕಿಲೋಮೀಟರಿಗೆ ಎಷ್ಟು ಆಯಿಲ್ ಸುರಿಯುತ್ತೀರಿ ಎಂದು ಕೇಳಿ. ವಾಲ್ವ್ ಕವರ್ ಮತ್ತು ಆಯಿಲ್ ಫಿಲ್ಟರ್ ಕೂರುವ ಭಾಗದ ಗ್ಯಾಸ್ಕೆಟ್ಟುಗಳು ಜಿನುಗುವುದು ಸಾಮಾನ್ಯ, ಅದಕ್ಕೆ ಹೆದರಬೇಕಿಲ್ಲ, ಬೆಲೆಯಲ್ಲಿ ಇಳಿಸಿಕೊಂಡರಾಯಿತು. ಒಳ್ಳೆಯ ಸುದ್ದಿ ಎಂದರೆ ಈ ಎಂಜಿನ್ನಿಗೆ ಆಗಾಗ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಇಲ್ಲ, ಅದರ ಬದಲು ಸರಪಳಿ ಇದೆ. ಕಾಲಕಾಲಕ್ಕೆ ಆಯಿಲ್ ಬದಲಿಸಿದ್ದರೆ ಒಳಗಿನ ಯಂತ್ರ ದೀರ್ಘಾಯುಷಿ.

ಸಸ್ಪೆನ್ಷನ್ ಬುಶ್ಶುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬುಶ್ ಎಂದರೆ ಲೋಹದ ತೋಳುಗಳ ನಡುವೆ ಕೂತಿರುವ ರಬ್ಬರಿನ ಉಂಗುರ. ಅದು ದಿನಕ್ಕೆ ಕೂದಲೆಳೆಯಷ್ಟು ಸಡಿಲವಾಗುತ್ತ ಹೋಗುವುದರಿಂದ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಹತ್ತು ವರ್ಷ ಅದೇ ಕಾರು ಓಡಿಸಿದವರು ‘ಹೊಸದರ ಹಾಗೇ ಇದೆ’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಬುಶ್ ಮತ್ತು ಶಾಕ್ ಅಬ್ಸಾರ್ಬರ್ ಸತ್ತ ಸ್ಪೋರ್ಟ್ಸ್ ಕಾರು, ಸುಸ್ಥಿತಿಯ ಸಾಧಾರಣ ಕಾರಿಗಿಂತ ಕೆಟ್ಟದಾಗಿ ತಿರುಗುತ್ತದೆ. ನೀವು ಓಡಿಸಿ ಮರುಳಾದ ಕಾರು ತನ್ನ ನಿಜವಾದ ರೂಪದಲ್ಲಿ ಇಲ್ಲದಿರಲೂಬಹುದು. ಬುಶ್ಶುಗಳನ್ನು ಬದಲಿಸಿದ ಮರುದಿನ ಮಾಲೀಕರ ಮುಖ ನೋಡುವುದು ನನ್ನ ಕೆಲಸದ ಅತ್ಯಂತ ದೊಡ್ಡ ಸಂತೋಷಗಳಲ್ಲಿ ಒಂದು.

ಮಗಳ ವಿಷಯ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಕಾರು ಜಾರದಂತೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುವ ಸ್ಥಿರತೆಯ ವ್ಯವಸ್ಥೆ 1995ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಂತು, ಯುರೋಪಿನ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2014ರಲ್ಲಿ. ನಿಮ್ಮ ಕೂಪೆಯಲ್ಲಿ ಅದು ಇದೆ, ಆ ಕಾಲದ ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಇಲ್ಲ. ಆದರೆ ಎದುರಿನ ವಾಹನ ಕಂಡು ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಇದರಲ್ಲಿಲ್ಲ. ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸುವ ಅಮೆರಿಕದ ಐಐಎಚ್‌ಎಸ್ ಸಂಸ್ಥೆ 2012ರಲ್ಲಿ ಒಂದು ಕಠಿಣ ಪರೀಕ್ಷೆ ಆರಂಭಿಸಿತು: ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಕಾರಿನ ಮುಂಭಾಗದ ಕಾಲು ಭಾಗವಷ್ಟೇ ತಡೆಗೋಡೆಗೆ ಅಪ್ಪಳಿಸುತ್ತದೆ. ಆ ಬಳಿಕ ಬಂದ ಕಾರುಗಳ ರಚನೆಯೇ ಬೇರೆಯಾಯಿತು. 1990ರ ದಶಕದಲ್ಲಿ ರೂಪುಗೊಂಡ ಇ46 ಆ ಪರೀಕ್ಷೆಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಕಾರಲ್ಲ.

ಇದಕ್ಕಿಂತ ತುರ್ತಾದ ಸಂಗತಿ ಏರ್‌ಬ್ಯಾಗ್. ಟಕಾಟಾ ಕಂಪನಿ ತಯಾರಿಸಿದ ಏರ್‌ಬ್ಯಾಗುಗಳಲ್ಲಿ ಗಾಳಿ ತುಂಬಿಸಲು ಅಮೋನಿಯಂ ನೈಟ್ರೇಟ್ ಬಳಸಿದ್ದರು. ವರ್ಷಗಳ ಬಿಸಿ ಮತ್ತು ತೇವಕ್ಕೆ ಅದು ಕೆಟ್ಟು, ಚೀಲ ಉಬ್ಬುವ ಬದಲು ಲೋಹದ ಡಬ್ಬಿಯೇ ಸಿಡಿದು ಚೂರುಗಳು ಕೂತವರ ಮೇಲೆ ಹಾರಿವೆ, ಜನ ಸತ್ತಿದ್ದಾರೆ. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗುಗಳನ್ನು ವಾಪಸು ಕರೆಯಬೇಕಾಯಿತು. 2023ರಲ್ಲಿ ಅಲ್ಲಿ, 2000ದಿಂದ 2006ರವರೆಗಿನ 3 ಸರಣಿಯೂ ಸೇರಿದಂತೆ ಸುಮಾರು 90,000 ಹಳೆಯ ಬಿಎಂಡಬ್ಲ್ಯು ಕಾರುಗಳನ್ನು ದುರಸ್ತಿಯಾಗುವ ತನಕ ಓಡಿಸಲೇಬೇಡಿ ಎಂದು ಎಚ್ಚರಿಸಲಾಯಿತು. ನೀವು ನೋಡಿರುವ ಕಾರು ಸರಿಯಾಗಿ ಆ ವಯೋಮಾನದ್ದು. ಚಾಸಿ ಸಂಖ್ಯೆ ಬರೆದುಕೊಂಡು, ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಏರ್‌ಬ್ಯಾಗ್ ಬದಲಾಗಿದೆಯೇ ಎಂದು ಕೇಳಿ. ಬದಲಾಗಿಲ್ಲ ಎಂದಾದರೆ ಅದು ಆಗುವವರೆಗೆ ಮುಂದಿನ ಮಾತೇ ಬೇಡ. ಪರೀಕ್ಷೆಗಾಗಿ ಇನ್ನೊಮ್ಮೆ ಓಡಿಸುವುದೂ ಬೇಡ.

ಹಣದ ಲೆಕ್ಕದಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ‘ಹೊಸ ಕಾರಿನ ಬೆಲೆ ಇಳಿಯುತ್ತಲೇ ಇರುತ್ತದೆ, ಹಳೆಯ ಸ್ಪೋರ್ಟ್ಸ್ ಕಾರಿನದು ಇಳಿದು ಮುಗಿದಿದೆ’ ಎಂದು ನಿಮಗೆ ಯಾರಾದರೂ ಹೇಳಿರಬಹುದು. ಅದರಲ್ಲಿ ಅರ್ಧ ಸತ್ಯವಿದೆ. ಕಾರಿನ ಬೆಲೆ ಅತಿ ಹೆಚ್ಚು ಕುಸಿಯುವುದು ಮೊದಲ ಮೂರು-ನಾಲ್ಕು ವರ್ಷಗಳಲ್ಲಿ. ಆ ಏಟನ್ನು ನೀವು ಈಗಾಗಲೇ ತಿಂದಾಗಿದೆ. ಇನ್ನು ಮುಂದಿನದು ಕಡಿಮೆ ಖರ್ಚಿನ ವರ್ಷಗಳು. ಆ ಹೊತ್ತಿಗೆ ಸರಿಯಾಗಿ ಕಾರನ್ನು ಬೇರೆಯವರಿಗೆ ಒಪ್ಪಿಸಿದರೆ, ನೀವು ಕಟ್ಟಿದ ಕಂತಿನ ಫಲವನ್ನು ಅವರು ಉಣ್ಣುತ್ತಾರೆ.

ಎರಡನೆಯದು ಬಿಡಿಭಾಗಗಳ ಬೆಲೆ. ಕಾರಿನ ಬೆಲೆ ಇಳಿದಂತೆ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ದುಬಾರಿ ಕಾರಿನ ಬಂಪರು, ಹೆಡ್‌ಲೈಟು, ಕ್ಲಚ್ಚು ಎಲ್ಲ ಅದರ ಹುಟ್ಟಿನ ಅಂತಸ್ತಿಗೆ ತಕ್ಕಂತೆಯೇ ಇರುತ್ತವೆ. ಮೂಗಿಗಿಂತ ಮೂಗುತಿ ಭಾರ ಆಗುವುದು ಇಲ್ಲಿಯೇ. ಈ ವಿಷಯದಲ್ಲಿ ಇ46 ಪರವಾಗಿಲ್ಲ, ಲಕ್ಷಗಟ್ಟಲೆ ತಯಾರಾದ ಕಾರು ಆದ್ದರಿಂದ ಮೂಲ ತಯಾರಕರ ಬಿಡಿಭಾಗಗಳು ಕಂಪನಿಯ ಮುದ್ರೆಯಿಲ್ಲದೆಯೂ ಸಿಗುತ್ತವೆ. ಆದರೂ ಮೊದಲ ವರ್ಷಕ್ಕೆಂದು ಕಾರಿನ ಬೆಲೆಯ ಕಾಲು ಭಾಗದಷ್ಟನ್ನು ಬೇರೆಯಾಗಿ ಎತ್ತಿಡಿ ಎಂದು ನನ್ನ ಬಳಿ ಬರುವವರಿಗೆಲ್ಲ ಹೇಳುತ್ತೇನೆ. ಹಿಂದಿನವರು ಮುಂದೂಡಿದ ಕೆಲಸಗಳೆಲ್ಲ ಮೊದಲ ಹನ್ನೆರಡು ತಿಂಗಳಲ್ಲೇ ತಲೆಯೆತ್ತುತ್ತವೆ. ಆ ಹಣ ಇಲ್ಲದೆ ಈ ಕಾರು ತಂದರೆ, ಆನೆ ಕೊಂಡು ಅಂಕುಶಕ್ಕೆ ಪರದಾಡಿದಂತಾಗುತ್ತದೆ. ವಿಮೆ ಎಷ್ಟಾಗುತ್ತದೆ, ನೀವಿರುವ ಕಡೆ ಇಷ್ಟು ಹಳೆಯ ವಾಹನಕ್ಕೆ ನಿರ್ಬಂಧವಿದೆಯೇ, ಎಥನಾಲ್ ಹೆಚ್ಚಿರುವ ಪೆಟ್ರೋಲನ್ನು ಈ ಕಾರಿನ ಕೈಪಿಡಿ ಒಪ್ಪುತ್ತದೆಯೇ ಎಂಬುದನ್ನೂ ಮೊದಲೇ ಕೇಳಿ ತಿಳಿಯಿರಿ.

ಅದಲುಬದಲು ಎಂಬ ರೂಪವೇ ನನಗೆ ಹಿಡಿಸುವುದಿಲ್ಲ. ಬೆಲೆ ಎಂಬುದು ಅದರಲ್ಲಿ ಮರೆಯಾಗಿಬಿಡುತ್ತದೆ. ನಿಮ್ಮ ಕಾರಿಗೆ ಮಾರುಕಟ್ಟೆಯಲ್ಲಿ ಎಷ್ಟು ಬರುತ್ತದೆ ಎಂದು ಎರಡು-ಮೂರು ಕಡೆ ಕೇಳಿ ಒಂದು ಕಾಗದದಲ್ಲಿ ಬರೆಯಿರಿ. ಅದೇ ವರ್ಷದ, ಅದೇ ಸ್ಥಿತಿಯ ಕೂಪೆಗಳು ಎಷ್ಟಕ್ಕೆ ಮಾರಾಟವಾಗುತ್ತಿವೆ ಎಂದು ಇನ್ನೊಂದರಲ್ಲಿ ಬರೆಯಿರಿ. ಎರಡರ ವ್ಯತ್ಯಾಸಕ್ಕೂ ಅವರು ಕೊಡುತ್ತೇನೆಂದಿರುವ ‘ಸ್ವಲ್ಪ ಹಣ’ಕ್ಕೂ ತಾಳೆಯಾಗುತ್ತದೆಯೇ ನೋಡಿ. ನಿಮ್ಮ ಕಾರು ಯಾವ ದಿನ ಬೇಕಾದರೂ ಮಾರಾಟವಾಗುವಂಥದು. ಕೂಪೆಗೆ ಸರಿಯಾದ ಗಿರಾಕಿ ಸಿಗಲು ತಿಂಗಳುಗಳೇ ಬೇಕಾಗಬಹುದು. ಆ ಅನುಕೂಲಕ್ಕೂ ಒಂದು ಬೆಲೆ ಇದೆ, ಅದು ನಿಮಗೆ ಸಲ್ಲಬೇಕು. ಪರಿಚಯದವರು ಎಂಬ ಸಂಕೋಚಕ್ಕೆ ಪರೀಕ್ಷೆ ಬಿಡಬೇಡಿ. ಪರಿಚಯ ಉಳಿಯಬೇಕೆಂದರೆ ಎಲ್ಲವನ್ನೂ ಮೊದಲೇ ನೋಡಿ, ಬರೆದು, ಇಬ್ಬರೂ ಸಹಿ ಹಾಕುವುದೇ ಒಳ್ಳೆಯದು.

ಪರೀಕ್ಷೆಗೆ ಬೆಳಿಗ್ಗೆ ಹೋಗಿ, ಎಂಜಿನ್ ಚಾಲೂ ಮಾಡಿರಬಾರದು ಎಂದು ಹಿಂದಿನ ದಿನವೇ ತಿಳಿಸಿ. ಹೋದವರೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಅಂದು ವಾಪಸು ಬನ್ನಿ. ಬಿಸಿ ಎಂಜಿನ್ ತನ್ನ ರೋಗಗಳನ್ನು ಮುಚ್ಚಿಡುತ್ತದೆ. ತಣ್ಣನೆಯದಕ್ಕೆ ಅದು ಸಾಧ್ಯವಿಲ್ಲ. ಚಾಲೂ ಆದ ಮೊದಲ ಹತ್ತು ಸೆಕೆಂಡು ಯಾರೊಡನೆಯೂ ಮಾತನಾಡದೆ ಕೇಳಿ. ಸರಪಳಿಯ ಕಟಕಟ ಸದ್ದು ಬಂದು ನಿಲ್ಲುತ್ತದೆಯೇ, ಮುಂದುವರಿಯುತ್ತದೆಯೇ? ಸೈಲೆನ್ಸರಿನ ಬಳಿ ಒಬ್ಬರನ್ನು ನಿಲ್ಲಿಸಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಆವಿ, ಜೊತೆಗೆ ಆ ಸಿಹಿ ವಾಸನೆ ಇದ್ದರೆ ಕೂಲಂಟ್ ಒಳಗೆ ಸೇರುತ್ತಿದೆ. ಗೇರುಪೆಟ್ಟಿಗೆ ತಣ್ಣಗಿರುವಾಗಲೇ ಒಂದರಿಂದ ಎರಡಕ್ಕೆ ಹಾಕಿ ನೋಡಿ, ಗೇರುಗಳ ವೇಗವನ್ನು ಒಂದಕ್ಕೊಂದು ಹೊಂದಿಸುವ ಸಿಂಕ್ರೊ ಸವೆದಿದ್ದರೆ ಅಲ್ಲಿಯೇ ಕರಕರ ಎನ್ನುತ್ತದೆ. ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಪೂರ್ತಿ ಅದುಮಿದಾಗ ಎಂಜಿನ್ ಸದ್ದು ಮಾತ್ರ ಏರಿ ಕಾರು ಹಿಂದುಳಿದರೆ ಕ್ಲಚ್ ಮುಗಿದಿದೆ.

ಕಂಪ್ಯೂಟರ್ ಸ್ಕ್ಯಾನರ್ ಇರುವ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗಿ, ದೋಷದ ಕೋಡುಗಳು ಇವೆಯೇ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಕಾರು ತನ್ನ ಹೊಗೆ ನಿಯಂತ್ರಣದ ಭಾಗಗಳನ್ನು ತಾನೇ ಪರೀಕ್ಷಿಸಿಕೊಂಡು ‘ಸಿದ್ಧ’ ಎಂದು ಗುರುತು ಹಾಕಿಕೊಳ್ಳುತ್ತದೆ. ಯಾರಾದರೂ ಕೋಡುಗಳನ್ನು ಅಳಿಸಿದರೆ ಆ ಗುರುತುಗಳೂ ಅಳಿಸಿಹೋಗಿ, ಮತ್ತೆ ಮೂಡಲು ಕೆಲವು ದಿನಗಳ ಓಡಾಟ ಬೇಕು. ಕೋಡು ಒಂದೂ ಇಲ್ಲ, ಆದರೆ ಹಲವು ಪರೀಕ್ಷೆಗಳು ‘ಸಿದ್ಧವಿಲ್ಲ’ ಎಂದು ತೋರಿಸಿದರೆ, ಎಚ್ಚರಿಕೆಯ ದೀಪವನ್ನು ನಿನ್ನೆ ರಾತ್ರಿ ಆರಿಸಿದ್ದಾರೆ ಎಂದು ಅರ್ಥ. ಬ್ಯಾಟರಿ ಬಿಚ್ಚಿದ್ದರೂ ಹೀಗಾಗುತ್ತದೆ, ಆದ್ದರಿಂದ ಕೂಡಲೇ ದೂರಬೇಡಿ, ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಗೆರೆಗಳು ಆಳವಾಗಿದ್ದರೂ ಹತ್ತು ವರ್ಷ ದಾಟಿದ ಟಯರ್ ಬೇಡ. ಬ್ರೇಕಿನ ಎಣ್ಣೆಯನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ ಎಂದೂ ಕೇಳಿ. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಕಾದು ಎಣ್ಣೆ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವ ಈ ಅಗ್ಗದ ಕೆಲಸವನ್ನೂ ಮಾಡಿಸದವರು, ದುಬಾರಿ ಕೆಲಸಗಳನ್ನು ಮಾಡಿಸಿರುತ್ತಾರೆಂದು ನಾನು ನಂಬುವುದಿಲ್ಲ. ಮಾಲೀಕರನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಕ್ಕಿಲ್ಲ.

ಈಗ ಬೇರೆ ದಾರಿಗಳು. ನೀವು ಕಳೆದುಕೊಂಡಿರುವ ಮಾತುಕತೆಯನ್ನು ಕೊಡುವ, ಆದರೆ ಇಷ್ಟು ವಯಸ್ಸಾಗಿರದ ಕಾರುಗಳಿವೆ. ಐದು ಬಾಗಿಲು, ಮ್ಯಾನ್ಯುಯಲ್ ಗೇರು, ಚುರುಕಾದ ಎಂಜಿನ್ ಇರುವ ಹಾಟ್ ಹ್ಯಾಚ್ ಎಂಬ ವರ್ಗ 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಕಾಲದಿಂದ ಬಂದದ್ದೇ ನಿಮ್ಮಂಥವರಿಗಾಗಿ: ವಾರವಿಡೀ ಮನೆಗೆ, ಬೆಳಗಿನ ಖಾಲಿ ರಸ್ತೆಯಲ್ಲಿ ನಿಮಗೆ. ಏಳೆಂಟು ವರ್ಷದ ಒಂದು ಹಾಟ್ ಹ್ಯಾಚ್ ನಿಮ್ಮ ಕಾರಿನ ಬೆಲೆಯ ಆಸುಪಾಸಿನಲ್ಲಿ ಸಿಗುತ್ತದೆಯೇ ನೋಡಿ. ಮನೆಯ ಒಂದೇ ಕಾರು ಎಂಬ ಸ್ಥಿತಿ ಬದಲಾಗದಿದ್ದರೆ ನಾನು ನಿಮಗೆ ಹೇಳುವುದು ಇದನ್ನೇ. ಇನ್ನೊಂದು ದಾರಿ, ಈಗಿನ ಕಾರನ್ನು ಉಳಿಸಿಕೊಂಡು, ಹಣ ಕೂಡಿಸಿ, ಎರಡನೆಯ ಕಾರಾಗಿ ಒಂದು ಹಳೆಯ ಕೂಪೆ ತರುವುದು. ನಿಧಾನದ ದಾರಿ, ಆದರೆ ಬೆಳಿಗ್ಗೆ ಕಾರು ಚಾಲೂ ಆಗದಿದ್ದರೆ ಅದು ಭಾನುವಾರದ ಕೆಲಸವಾಗುತ್ತದೆ, ಕಚೇರಿಗೆ ತಡವಾಗುವ ಸಂಕಟವಾಗುವುದಿಲ್ಲ. ಹಳೆಯ ಕಾರಿನ ಮೇಲಿನ ಪ್ರೀತಿ ಉಳಿಯುವುದೋ ಸಾಯುವುದೋ ಬಹುಮಟ್ಟಿಗೆ ಈ ಒಂದು ವ್ಯತ್ಯಾಸದಿಂದ. ತಮ್ಮ ಕನಸಿನ ಕಾರನ್ನು ಆರೇ ತಿಂಗಳಲ್ಲಿ ಶಪಿಸುತ್ತ ಮಾರಿದವರನ್ನು ಬಹಳ ಮಂದಿಯನ್ನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಬೇರೆ ಕಾರಿರಲಿಲ್ಲ.

ನಿಮ್ಮ ಪತ್ನಿಯವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ‘ಒಮ್ಮೆ ಓಡಿಸಿ ನೋಡು, ಗೊತ್ತಾಗುತ್ತದೆ’ ಎಂಬುದು ಉತ್ತರವಲ್ಲ. ಅವರು ಕೇಳುತ್ತಿರುವುದು ಕಾರು ನಿಂತುಹೋದ ದಿನ ಮಗುವನ್ನು ಶಾಲೆಯಿಂದ ಕರೆತರುವುದು ಹೇಗೆ ಎಂದು. ಕಾರು ತಿಂಗಳಿಗೆ ನಾಲ್ಕೈದು ದಿನ ಗ್ಯಾರೇಜಿನಲ್ಲಿದ್ದರೂ ನಡೆಯುವ ಏರ್ಪಾಡು ನಿಮ್ಮಲ್ಲಿದೆಯೇ? ಬಸ್ಸೋ ರೈಲೋ ಬೈಕೋ, ಏನಾದರೂ ಸರಿ. ಅದನ್ನು ಒಂದು ವಾರ ನಿಜವಾಗಿಯೇ ಮಾಡಿ ನೋಡಿ. ಈಗಿನ ಕಾರನ್ನು ಸೋಮವಾರದಿಂದ ಶುಕ್ರವಾರದವರೆಗೆ ಮುಟ್ಟಬೇಡಿ. ಮನೆ ಆ ವಾರವನ್ನು ಗೊಣಗದೆ ದಾಟಿದರೆ, ಏರ್‌ಬ್ಯಾಗ್ ಬದಲಾಗಿದ್ದರೆ, ಹಿಂದಿನ ನೆಲದಲ್ಲಿ ಬಿರುಕಿಲ್ಲದಿದ್ದರೆ, ಕೂಲಿಂಗಿನ ರಸೀದಿ ಸಿಕ್ಕರೆ, ಮೊದಲ ವರ್ಷದ ಹಣ ಬೇರೆಯಾಗಿ ಇದ್ದರೆ, ನನ್ನ ಆಕ್ಷೇಪಣೆ ಉಳಿಯುವುದಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಈ ಕೂಪೆಯನ್ನು ಬಿಟ್ಟುಬಿಡಿ. 330ಸಿಐ ಬೇರೆಯೂ ಸಿಗುತ್ತದೆ.

ಕಾರು ನೋಡಲು ಹೋಗುವ ಬೆಳಿಗ್ಗೆ ಮಗಳನ್ನೂ ಅವಳ ಬೂಸ್ಟರ್ ಆಸನವನ್ನೂ ಜೊತೆಗೆ ಒಯ್ಯಿರಿ. ಮುಂದಿನ ಸೀಟನ್ನು ಮಡಿಸಿ, ಆ ಆಸನವನ್ನು ಹಿಂದೆ ಇಟ್ಟು, ಅವಳನ್ನು ಹತ್ತಿಸಿ, ಬೆಲ್ಟ್ ಹಾಕಿ, ಮತ್ತೆ ಇಳಿಸಿ. ಐದು ಸಲ ಮಾಡಿ. ಐದನೆಯ ಸಲವೂ ನಿಮಗಿಬ್ಬರಿಗೂ ಬೇಸರವಾಗದಿದ್ದರೆ ಮಾತ್ರ ಬಾನೆಟ್ ತೆರೆಯಲು ಹೇಳಿ.